ಅದು ಅಣಕವಲ್ಲ, ಆಕ್ಷೇಪಣೆ

ನಗರಾಡಳಿತದ ಸಮುದಾಯ ಭವನಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಕರಾಟೆ ಶಾಲೆ ನಡೆಯುತ್ತಿದ್ದ ಭವನಕ್ಕೆ ನೀವು ಬೀಗ ಹಾಕಿಸಿದಿರಿ. ಆವತ್ತಿನಿಂದ ನನ್ನ ಗಂಡನ ಬಾಯಿಗೂ ಬೀಗ ಬೀಳುತ್ತಾ ಬಂದಿದೆ. ಮೊದಲನೆಯದು ನಿಮಗೆ ಗೊತ್ತು, ಆದೇಶಕ್ಕೆ ಸಹಿ ಮಾಡಿದವರೇ ನೀವು. ಎರಡನೆಯದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಈ ಪತ್ರ. ಇದಕ್ಕೂ ಮೊದಲು ನಿಮ್ಮ ಕಚೇರಿಗೆ ಮರ್ಯಾದೆಯಾಗಿ ಅರ್ಜಿ ಬರೆದೆ, "ತಮ್ಮ ಪತ್ರ ತಲುಪಿದೆ" ಎಂಬ ಉತ್ತರ ಬಂತು. ಇನ್ನೊಂದು ಬರೆದೆ, ಅದೂ ತಲುಪಿತು. ನನ್ನ ಪತ್ರಗಳೆಲ್ಲ ಸುಖವಾಗಿ ತಲುಪಿ ಅಲ್ಲೇ ವಿಶ್ರಾಂತಿ ಪಡೆಯುತ್ತಿವೆ. ಆದ್ದರಿಂದ ಈ ಸಲ ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬದುಕಿಡೀ ನಿಮ್ಮಂಥದ್ದೇ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬುದನ್ನು ನಿದ್ದೆಗಣ್ಣಲ್ಲೂ ಕುಟ್ಟಬಲ್ಲೆ. ಸಾಹೇಬರ ಬಾಯಿಂದ ಬಂದ "ಅವಕಾಶವಿರುವುದಿಲ್ಲ", "ಪರಿಗಣಿಸಲು ಬರುವುದಿಲ್ಲ" ಎಲ್ಲವೂ ನನ್ನ ಬೆರಳಿನ ಮೂಲಕವೇ ಊರಿಗೆ ಹೋಗಿವೆ. ಹಾಗಾಗಿ ನಿಮ್ಮ ಆದೇಶ ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅದರಲ್ಲಿ ಹೀಗಿದೆ: "ಸ್ಥಳ ಪರಿಶೀಲನೆಯ ವೇಳೆ ಹಾಜರಿದ್ದವರಿಗೆ ಆಕ್ಷೇಪಣೆ ಸಲ್ಲಿಸಲು ಸಾಕಷ್ಟು ಅವಕಾಶ ನೀಡಲಾಗಿದ್ದು, ಯಾರೂ ಆಕ್ಷೇಪಣೆ ಸಲ್ಲಿಸಿರುವುದಿಲ್ಲ. ಓರ್ವ ವಯೋವೃದ್ಧರು ಮಾತ್ರ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಾ ಪರಿಶೀಲನಾಧಿಕಾರಿಯವರನ್ನು ಅಣಕಿಸಿದ್ದು, ಇತರರು ಕೈ ಬೀಸಿ ಅದಕ್ಕೆ ಸಹಕರಿಸಿರುತ್ತಾರೆ."

ಆ ಓರ್ವ ವಯೋವೃದ್ಧರು ನಮ್ಮ ಯಜಮಾನರು. ಅವರು ಅಣಕಿಸಲಿಲ್ಲ ಸ್ವಾಮಿ. ಅವರು ಆಕ್ಷೇಪಣೆ ಸಲ್ಲಿಸುತ್ತಿದ್ದರು. ಅದು ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಬೇಕಿದ್ದರೆ ಚಹಾ ತರಿಸಿಕೊಳ್ಳಿ.

ನಮ್ಮ ಯಜಮಾನರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಬೆಳಗಾಗುತ್ತಲೇ ಲಾರಿಗಳು ಬಂದು ನಿಂತರೆ ಮೂಟೆಯ ಮೇಲೆ ಹತ್ತಿ "ಒಂದ್ಸಲ, ಎರಡ್ಸಲ" ಅಂತ ಶುರು ಮಾಡುತ್ತಿದ್ದರು. ಆಚೆ ಗೇಟಿನ ಹತ್ತಿರ ನಿಂತ ಕೈಗಾಡಿಯವನಿಗೂ ಬದನೆಕಾಯಿ ಯಾರ ಪಾಲಾಯಿತು ಅಂತ ಗೊತ್ತಾಗಬೇಕು, ಅಂಥ ಗಂಟಲು. ಮನೆಯಲ್ಲೂ ಅದೇ. ಇವರು ಊಟಕ್ಕೆ ಕೂತು "ಉಪ್ಪು ಕಮ್ಮಿ" ಅಂದರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಉಪ್ಪಿನ ಡಬ್ಬಿ ಚಾಚುತ್ತಿದ್ದರು. ನಮ್ಮ ಜೊತೆಗೇ ಇರುವ ನನ್ನ ನಾದಿನಿ, "ನಮ್ಮಣ್ಣ ಗುಟ್ಟು ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ" ಅಂತ ನಗುತ್ತಿದ್ದಳು. ನಾನೂ ಎಷ್ಟೋ ಸಲ ಕಿವಿ ಮುಚ್ಚಿಕೊಂಡು, "ಸ್ವಲ್ಪ ಮೆತ್ತಗೆ ಮಾತಾಡ್ರೀ, ನಿಮ್ಮ ಬಾಯಿಗೆ ಮುಚ್ಚಳ ಹಾಕ್ಬೇಕು" ಅಂದದ್ದುಂಟು. ಯಾವ ಗಳಿಗೆಯಲ್ಲಿ ಅಂದೆನೋ.

ಅಂಥವರಿಗೆ ಒಂದು ದಿನ ಮೂಟೆಯ ಮೇಲೆ ನಿಂತಲ್ಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಬುದ್ಧಿ ಮಾತ್ರ ಎಲ್ಲಿಗೂ ಹೋಗಲಿಲ್ಲ, ಸಂಕಟವಿರುವುದೇ ಅಲ್ಲಿ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಅವರು ಹೇಳಬೇಕಾದದ್ದೆಲ್ಲ ಒಳಗೇ ಇದೆ. ಹೊರಗೆ ಬರುವುದಿಲ್ಲ ಅಷ್ಟೆ. ಬಾಯಿ ತೆರೆಯುತ್ತಾರೆ, ಕತ್ತಿನ ನರ ಉಬ್ಬುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಬಾಯಿ ಮುಚ್ಚುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಇದೆ. ಮಾತು ಕಳಕೊಂಡವನಿಗೆ ಏನಿದೆ ಅಂತ ಯಾವ ಗಾದೆಯೂ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರು, ಒಳ್ಳೆಯವರು. "ನೋಡಿ ಅಮ್ಮ, ಯೋಚನೆ ಮಾಡಿ ಆಡೋ ಮಾತು ಇವರಿಗೆ ಕಷ್ಟ. ಆದ್ರೆ ಯೋಚನೆ ಮಾಡ್ದೇನೆ ಬಾಯಿಗೆ ಬರೋದು ಇರುತ್ತಲ್ಲ, ಎಣಿಕೆ, ವಾರದ ಹೆಸರು, ಬೈಗುಳ, ಅಂಥದ್ದು ಕೆಲವರಿಗೆ ಉಳ್ಕೊಂಡಿರುತ್ತೆ. ಅದನ್ನ ಹಿಡ್ಕೊಂಡು ಮೆಲ್ಲಗೆ ಮುಂದೆ ಹೋಗ್ಬಹುದು" ಅಂದರು. ಅವರು ಮಾತು ಮುಗಿಸುವ ಮೊದಲೇ ನಮ್ಮ ಯಜಮಾನರು ಮಾರುಕಟ್ಟೆಯದೊಂದು ಬೈಗುಳ ಬಿಟ್ಟರು. ಸ್ಪಷ್ಟವಾಗಿ, ಒತ್ತಕ್ಷರ ಸಮೇತ. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡೆ, ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಆ ಪದವನ್ನು ಇಲ್ಲಿ ಬರೆಯಲಾರೆ, ನಿಮ್ಮ ಹುದ್ದೆಯ ಮೇಲೆ ನನಗಿನ್ನೂ ಗೌರವವಿದೆ. ಆದರೆ ಅಂಥದ್ದೊಂದು ಬೈಗುಳ ಅವರ ಬಾಯಲ್ಲಿ ಸದಾ ಸಿದ್ಧವಾಗಿತ್ತು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಣಿಕೆ ಮಾತ್ರ ಬರಲಿಲ್ಲ. ಮನೆಯಲ್ಲಿ ನಾನು ಎದುರು ಕೂತು "ಎಲ್ಲಿ, ಒಂದು ಅನ್ನಿ ನೋಡೋಣ" ಅಂದರೆ ಮುಖ ತಿರುಗಿಸುತ್ತಿದ್ದರು. ಮಾರುಕಟ್ಟೆ ತುಂಬ ಜನರೆದುರು ಎಣಿಸಿದ ಮನುಷ್ಯ ಹೆಂಡತಿಯೆದುರು ಸ್ಲೇಟು ಹಿಡಿದ ಮಗುವಿನ ಹಾಗೆ ಎಣಿಸಬೇಕೆಂದರೆ ಮನಸ್ಸು ಹೇಗೆ ಬಂದೀತು? ನಾನೂ ಬಿಟ್ಟೆ. ಸಂಜೆ ಹೊತ್ತು ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದೆ, ಅಷ್ಟೇ ನಮ್ಮ ಚಿಕಿತ್ಸೆ.

ಬೀದಿಯ ಕೊನೆಯಲ್ಲೇ ನಿಮ್ಮ ಭವನ. ನೀವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಒಂದೇ ಒಂದು ಉದ್ದ ಕೋಣೆ, ಸಿಮೆಂಟಿನ ನೆಲ, ಬಾಗಿಲಿಗೆ ಒಂದೇ ಮೆಟ್ಟಿಲು, ಹೊರಗೊಂದು ನಲ್ಲಿ. ಒಳಗಿನ ಟ್ಯೂಬ್‌ಲೈಟು ಹೊತ್ತಿಕೊಳ್ಳುವ ಮೊದಲು ಬಹಳ ಹೊತ್ತು ಯೋಚಿಸುತ್ತದೆ, ಸರ್ಕಾರಿ ಟ್ಯೂಬ್‌ಲೈಟಲ್ಲವೇ. ಅಲ್ಲಿ ಕರಾಟೆ ಕಲಿಸುತ್ತಿದ್ದವರು ಹಗಲು ನಲ್ಲಿ, ಪೈಪಿನ ಕೆಲಸ ಮಾಡುವವರು. ಬೀದಿಗೆಲ್ಲ ಅವರು ಮಾಸ್ಟರ್. ನಿಮ್ಮ ಇಲಾಖೆ ಕಟ್ಟಿಸಿ ಮರೆತ ಶೌಚಾಲಯಕ್ಕೆ ನೀರು ಬಂದದ್ದು ಅವರ ಕೈಯಿಂದ. ತರಗತಿ ಶುರುವಾಗುವ ಮೊದಲು ದೊಡ್ಡವರು, ಚಿಕ್ಕವರು ಎಲ್ಲ ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು, ಅದು ಅಲ್ಲಿನ ಪದ್ಧತಿ. ಮನೆಯಲ್ಲಿ ತಿಂದ ತಟ್ಟೆ ಎತ್ತದ ಹುಡುಗರು ಅಲ್ಲಿ ಸಾಲಾಗಿ ನೆಲ ಒರೆಸುವುದನ್ನು ನೋಡಲು ತಾಯಂದಿರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಎದುರುಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ಬಾಗಿಲು ಮುರಿದು ಎತ್ತಿಕೊಂಡು ಓಡಿದ್ದು ಈ ಸಾಲಿನವರೇ. ನಿಮ್ಮ ಆದೇಶದಲ್ಲಿ ಇವರನ್ನು "ಅನಧಿಕೃತ ಗುಂಪು" ಎಂದು ಕರೆಯಲಾಗಿದೆ. ಅಜ್ಜಿಗೆ ಆ ವಿಷಯ ನಾವಿನ್ನೂ ತಿಳಿಸಿಲ್ಲ.

ಒಂದು ಸಂಜೆ ಆ ಬಾಗಿಲ ಮುಂದೆ ಹಾದು ಹೋಗುವಾಗ ಒಳಗೆ ಚಿಕ್ಕ ಮಕ್ಕಳ ಸಾಲು ಎಣಿಸುತ್ತಿತ್ತು. ದೊಡ್ಡವರಿಗೆ ಮಾಸ್ಟರ್ ಕರಾಟೆಯ ಊರಿನ ಭಾಷೆಯಲ್ಲೇ ಎಣಿಕೆ ಹೇಳಿಸುತ್ತಿದ್ದರು, ಚಿಕ್ಕವರಿಗೆ ನಮ್ಮ ಭಾಷೆಯಲ್ಲಿ. "ಒಂದು! ಎರಡು! ಮೂರು!" ನನ್ನ ಕೈಯಲ್ಲಿದ್ದ ಕೈ ನಿಂತುಬಿಟ್ಟಿತು. ತಿರುಗಿ ನೋಡಿದರೆ ನಮ್ಮ ಯಜಮಾನರ ತುಟಿ ಅಲ್ಲಾಡುತ್ತಿದೆ. ದನಿಯಿಲ್ಲ, ಬರೀ ತುಟಿ. ಮಾಸ್ಟರ್ ಅದನ್ನು ಕಂಡರು. ಬಾಗಿಲಿಗೆ ಬಂದು, "ಒಳಗೆ ಬನ್ನಿ ಅಣ್ಣ, ಹೊರಗ್ಯಾಕೆ ನಿಂತ್ರಿ" ಅಂದರು. ಅಷ್ಟೇ ಅಂದದ್ದು.

ಮಾರನೆಯ ವಾರ ಬಿಳಿ ಬಟ್ಟೆ ಬಂತು, ಬಿಳಿ ಬೆಲ್ಟು ಬಂತು. ಸಾಲಿನಲ್ಲಿ ವಯಸ್ಸಿಗೆ ಬೆಲೆಯಿಲ್ಲ, ಬೆಲ್ಟಿಗೆ ಬೆಲೆ. ಹೊಸಬರು ಕೊನೆಯಲ್ಲಿ ನಿಲ್ಲಬೇಕು. ಹಾಗಾಗಿ ನಮ್ಮ ಯಜಮಾನರು ನಿಂತದ್ದು ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿಯ ನಂತರ. ನನಗೆ ಮೈ ಉರಿಯಿತು. ಮಾರುಕಟ್ಟೆ ನಡುಗಿಸಿದ ಮನುಷ್ಯ ಹಾಲುಹಲ್ಲಿನ ಮಗುವಿಗಿಂತ ಕಿರಿಯನೇ? ನಾದಿನಿಯಂತೂ ಬಾಯಿಗೆ ಕೈ ಇಟ್ಟುಕೊಂಡು, "ಅತ್ತಿಗೆ, ಅಣ್ಣ ಈಗ ಯಾರಿಗೆ ಹೊಡೀತಾನಂತೆ? ಜೋರಾಗಿ ಗಾಳಿ ಬೀಸಿದ್ರೆ ಇವನೇ ಬೀಳ್ತಾನೆ" ಅಂದಳು. ನಮ್ಮ ಯಜಮಾನರು ಮಾತ್ರ ಆ ಪುಟ್ಟ ಹುಡುಗಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವಳೂ ಗಂಭೀರವಾಗಿ ಬಗ್ಗಿ, "ತಾತ, ನಿಮ್ಮ ಬೆಲ್ಟ್ ಗಂಟು ತಪ್ಪಾಗಿದೆ" ಅಂತ ಬಿಚ್ಚಿ ಕಟ್ಟಿದಳು. ಆ ಗಂಟು ಕಟ್ಟಿದ್ದವಳು ನಾನು. ಅವತ್ತಿನಿಂದ ಆ ಕೆಲಸ ನನ್ನ ಕೈತಪ್ಪಿತು.

ಆ ಶಾಲೆಯ ಒಂದು ಕ್ರಮವನ್ನು ನಿಮಗೆ ವಿವರಿಸಬೇಕು, ನಿಮ್ಮ ವರದಿ ಎಡವಿದ್ದೇ ಅಲ್ಲಿ. ಎಣಿಕೆಯನ್ನು ಮಾಸ್ಟರ್ ಒಬ್ಬರೇ ಹೇಳುವುದಿಲ್ಲ. ಸಾಲಿನಲ್ಲಿರುವವರು ಸರದಿಯ ಮೇಲೆ ಒಂದರಿಂದ ಹತ್ತರವರೆಗೆ ಹೇಳಬೇಕು. ಒಂದೊಂದು ಅಂಕಿಗೂ ಎಲ್ಲರೂ ಗಾಳಿಗೆ ಒಂದೊಂದು ಗುದ್ದು. ಅಂಕಿ ಬರುವವರೆಗೆ ಮುಷ್ಟಿ ಸೊಂಟದ ಬಳಿಯೇ ಇರಬೇಕು, ಯಾರೂ ಮುಂದಾಗುವಂತಿಲ್ಲ. ಅಂಕಿ ಬಂದ ಮೇಲೆ ಯಾರೂ ಹಿಂದುಳಿಯುವಂತಿಲ್ಲ. ಮತ್ತು ಸಾಲಿನಲ್ಲಿ ನಿಂತಾಗ ಎಣಿಸುವವರನ್ನು ಬಿಟ್ಟು ಬೇರಾರೂ ಮಾಸ್ಟರ್ ಅಪ್ಪಣೆಯಿಲ್ಲದೆ ಬಾಯಿ ಬಿಡುವಂತಿಲ್ಲ.

ನಮ್ಮ ಯಜಮಾನರ ಸರದಿ ಬಂತು. "ತಾತ, ನೀವು!" ಅಂದಳು ಪಕ್ಕದವಳು. ಮಾಸ್ಟರ್ ಕಣ್ಣಲ್ಲೇ ಅವಳನ್ನು ಗದರಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಬೆವರುತ್ತಿದ್ದೆ. ಇಡೀ ಸಾಲು ಮುಷ್ಟಿ ಬಿಗಿದು ನಿಂತಿದೆ. ಒಬ್ಬರೂ ತಿರುಗಿ ನೋಡಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ, ತಾವೇ ಹೇಳಿಕೊಡಲಿಲ್ಲ. ಮಕ್ಕಳ ತೋಳು ನಡುಗುತ್ತಿತ್ತು, ಆದರೂ ಕಾಯುತ್ತಿದ್ದರು. ಲಕ್ವ ಹೊಡೆದ ಮೇಲೆ ಎಲ್ಲರೂ ಅವರ ಬದಲು ಮಾತಾಡಿದ್ದೇವೆ ಸ್ವಾಮಿ, ನಾನೂ, ನಾದಿನಿಯೂ, ಬಂದ ನೆಂಟರೂ. ಅವರು ಮಾತಾಡಲಿ ಎಂದು ಒಂದು ಕೋಣೆ ತುಂಬ ಜನ ಕಾದದ್ದು ಅದೇ ಮೊದಲು. "ಒಂದು" ಅಂದರು. ಕೀಲಿಗೆ ಎಣ್ಣೆ ಬಿಡದ ಬಾಗಿಲಿನ ಹಾಗೆ ಬಂತು, ಆದರೆ ಬಂತು. ಇಡೀ ಸಾಲು ಗುದ್ದಿತು. ನಾನು ಬೆಂಚಿನ ಅಂಚು ಹಿಡಿದುಕೊಂಡು ಅತ್ತೆ.

ಮಾಸ್ಟರ್ ಮರುದಿನದಿಂದ ದೊಡ್ಡವರ ಎಣಿಕೆಯನ್ನೂ ನಮ್ಮ ಭಾಷೆಗೆ ಬದಲಾಯಿಸಿದರು. ಒಬ್ಬ ಮುದುಕನಿಗಾಗಿ ಒಂದು ಶಾಲೆ ತನ್ನ ಭಾಷೆ ಬದಲಾಯಿಸಿತು. ಒಬ್ಬರಿಗಾಗಿ ನಿಮ್ಮ ಕಚೇರಿ ಒಂದು ವಾಕ್ಯ ಬದಲಾಯಿಸಿದ ಉದಾಹರಣೆಯಿದ್ದರೆ ತಿಳಿಸಿ, ನಾನೇ ಉಚಿತವಾಗಿ ಟೈಪ್ ಮಾಡಿಕೊಡುತ್ತೇನೆ. ತಿಂಗಳುಗಳು ಕಳೆದಂತೆ ಎಣಿಕೆ ಹತ್ತರವರೆಗೆ ಬಂತು, ಗಂಟಲೂ ಬಂತು, ಅದೇ ಹಳೆಯ ಗಂಟಲು. ಮತ್ತೆ ಒಂದು ಸಂಜೆ, "ಹತ್ತು" ಅಂದು ಮುಗಿಸಿ, ಸಾಲು ಚದುರಿದ ಮೇಲೆ ನನ್ನ ಕಡೆ ತಿರುಗಿ "ಬಾ" ಅಂದರು. ಅಂಕಿಯಲ್ಲ, ಬೈಗುಳವಲ್ಲ, ಯೋಚಿಸಿ ಆಡಿದ ಮಾತು. ನನ್ನನ್ನು ಕರೆದ ಮಾತು. ಮದುವೆಯಾದಾಗಿನಿಂದ ಊರಿಗೆಲ್ಲ ಕೇಳುವ ಹಾಗೆ ಕರೆದವರು ಅಷ್ಟು ಮೆತ್ತಗೆ ಕರೆದದ್ದೇ ಇಲ್ಲ. ಡಾಕ್ಟರಮ್ಮನಿಗೆ ಹೇಳಿದಾಗ, "ಬಿಡಬೇಡಿ, ಒಂದು ದಿನವೂ ತಪ್ಪಿಸಬೇಡಿ, ಇನ್ನೂ ಬರುತ್ತೆ" ಅಂದರು.

ಆಗ ನಿಮ್ಮ ಕಡತ ಬಂತು.

ನಮ್ಮ ಮೇಲೆ ದೂರಿತ್ತಂತೆ, ಅತಿಯಾದ ಕೂಗಾಟ ಅಂತ. ಯಾರು ಕೊಟ್ಟ ದೂರು ಅಂತ ನಮಗೂ ಗೊತ್ತು. ಹಿಂದಿನ ಬೀದಿಯ ರಾತ್ರಿಪಾಳಿ ಕಾವಲುಗಾರ. ಹೊಸದಾಗಿ ಬಂದವನು, ಸಂಜೆ ಮಲಗುವವನು, ನಿದ್ದೆ ಕೆಟ್ಟು ರೇಗಿ ಬರೆದುಕೊಟ್ಟಿದ್ದ. ತಪ್ಪೇನಿಲ್ಲ. ಮಾಸ್ಟರ್ ಅವನ ಮನೆಗೆ ಹೋಗಿ, "ನೀವು ಏಳೋ ಹೊತ್ತು ಹೇಳಿ ಅಣ್ಣ, ಅಲ್ಲೀವರೆಗೂ ಬಾಯಿ ಮುಚ್ಕೊಂಡೇ ಗುದ್ತೀವಿ" ಅಂದರು. ಹಾಗೇ ಮಾಡಿದರು. ಅವನು ಮೆತ್ತಗಾಗಿ ತನ್ನ ಮಗಳನ್ನೇ ತಂದು ಸೇರಿಸಿದ. ನಮ್ಮ ಯಜಮಾನರ ಬೆಲ್ಟು ಕಟ್ಟುತ್ತಿದ್ದ ಹಲ್ಲು ಬಿದ್ದ ಹುಡುಗಿ ಅವಳೇ. ಕಾವಲುಗಾರ ದೂರು ವಾಪಸ್ ತೆಗೆದುಕೊಳ್ಳಲು ನಿಮ್ಮ ಕಚೇರಿಗೂ ಬಂದಿದ್ದ. "ದೂರು ಕೊಡೋಕೆ ಫಾರಂ ಇದೆ, ವಾಪಸ್ ತಗೊಳ್ಳೋಕೆ ಇಲ್ಲ" ಅಂದರಂತೆ ನಿಮ್ಮ ಗುಮಾಸ್ತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು. ಆ ದೂರು ಬರೆದಾಗ ನಮ್ಮ ಯಜಮಾನರು ಇನ್ನೂ ಮೂಟೆಯ ಮೇಲೆ ನಿಂತು ಕೂಗುತ್ತಿದ್ದರು, ಮಾನ್ಯರೇ. ಅವರಿಗೆ ಲಕ್ವ ಹೊಡೆದು, ಮಾತು ಹೋಗಿ, ಆ ಮಾತು ಮತ್ತೆ ಬರಲು ಶುರುವಾಗುವಷ್ಟರಲ್ಲಿ ನಿಮ್ಮ ಕಡತ ಎರಡು ಮೇಜು ದಾಟಿ ನಮ್ಮ ಬೀದಿಗೆ ಬಂತು.

ನಿಮ್ಮ ಪರಿಶೀಲನಾಧಿಕಾರಿ ಬಂದ ಸಂಜೆ ಮಾಸ್ಟರ್ ಇರಲಿಲ್ಲ. ಯಾರದೋ ಮನೆಯಲ್ಲಿ ಪೈಪು ಒಡೆದು ನಡುಮನೆಯಲ್ಲಿ ನೀರು ನಿಂತಿತ್ತು, ಓಡಿದ್ದರು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಕಂದು ಬೆಲ್ಟಿನವಳು, ತರಗತಿ ನಡೆಸುತ್ತಿದ್ದಳು. ಅಧಿಕಾರಿ ಬಂದರು, ಅವಳು ಎಲ್ಲರಿಂದಲೂ ನಮಸ್ಕಾರ ಮಾಡಿಸಿದಳು. ಅವರು ಸುತ್ತ ನೋಡಿ, ಏನನ್ನೋ ಓದಿ, "ಈ ಕಟ್ಟಡ ಖಾಲಿ ಮಾಡ್ಬೇಕು. ಯಾರದ್ದಾದ್ರೂ ಆಕ್ಷೇಪಣೆ ಇದೆಯಾ?" ಅಂದರಂತೆ. ಯಾರು ಮಾತಾಡುತ್ತಾರೆ? ಸಾಲಿನಲ್ಲಿದ್ದಾರೆ, ಮಾಸ್ಟರ್ ಅಪ್ಪಣೆಯಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಂದಕ್ಕೆ, ಬಾಯಿ ಮುಚ್ಚಿ, ಬಂದ ದೊಡ್ಡವರ ಎದುರು ತಮ್ಮ ಶಾಲೆಯ ಮಾನ ಉಳಿಸುತ್ತಾ ನಿಂತರು. ಆ ಹುಡುಗಿ ಆಮೇಲೆ ನನ್ನ ಭುಜದ ಮೇಲೆ ಬಿದ್ದು ಅತ್ತಳು. "ಆಂಟಿ, ನಾನು ಮಾತಾಡ್ಬೇಕಿತ್ತು. ಆದ್ರೆ ಅಷ್ಟು ಚಿಕ್ಕ ಮಕ್ಕಳೆಲ್ಲ ಅಲ್ಲಾಡ್ದೇ ನಿಂತಿದ್ರು, ನಾನೇ ರೂಲ್ಸ್ ಮುರಿದ್ರೆ ಹೇಗೆ ಅಂದ್ಕೊಂಡೆ. ಮಾಸ್ಟರ್ ಬಂದು ಹೇಳ್ತಾರೆ ಅಂದ್ಕೊಂಡೆ." ಮೌನಂ ಸಮ್ಮತಿ ಲಕ್ಷಣಂ ಅಂತ ನೀವು ಬರೆದುಕೊಂಡಿರಿ. ಅದು ಸಮ್ಮತಿಯಲ್ಲ ಸ್ವಾಮಿ, ಶಿಸ್ತು. ನಿಮ್ಮ ಇಲಾಖೆಗೆ ಅದರ ಗುರುತು ಸಿಗದಿದ್ದರೆ ಯಾರನ್ನು ದೂರಲಿ?

ನಾನೆಲ್ಲಿದ್ದೆ? ಹೊರಗೆ ನಲ್ಲಿಯಲ್ಲಿ ಬಾಟಲಿಗಳಿಗೆ ನೀರು ಹಿಡಿಯುತ್ತಿದ್ದೆ. ಒಳಗಿಂದ ನಮ್ಮ ಯಜಮಾನರ ದನಿ ಕೇಳಿತು. "ಒಂದು!" ಮತ್ತೆ ಗುದ್ದಿನ ಸದ್ದು. "ಎರಡು!" ಗುದ್ದು. ಅಬ್ಬಾ, ಎಂಥ ದನಿ. ಇವತ್ತು ಇವರ ಗಂಟಲು ಭರ್ಜರಿಯಾಗಿದೆಯಲ್ಲ ಅಂತ ನಗುತ್ತಾ ಬಾಟಲಿ ಮುಚ್ಚಿದೆ. ಬಾಗಿಲಿಗೆ ಬಂದು ನೋಡಿದರೆ ಅವರು ಸಾಲಿನಲ್ಲಿಲ್ಲ. ಸಾಲು ಬಿಟ್ಟು, ಆ ಕಾಲು ಎಳೆದುಕೊಂಡು ಮುಂದೆ ಬಂದು, ಯಾರೋ ಕೋಟಿನವರ ಎದುರು ನಿಂತಿದ್ದಾರೆ. ಕಣ್ಣಲ್ಲಿ ನೀರು. ಎಡಗೈ ಎತ್ತಿ ಗೋಡೆ ತೋರಿಸುತ್ತಾರೆ, ನೆಲ ತೋರಿಸುತ್ತಾರೆ, ಮಕ್ಕಳನ್ನು ತೋರಿಸುತ್ತಾರೆ. ಬೇಡ ಅನ್ನಬೇಕು, ಕೈ ಮುಗಿಯುತ್ತೇನೆ ಅನ್ನಬೇಕು, ನನ್ನ ಹೆಂಡತಿಯನ್ನು "ಬಾ" ಅಂತ ಕರೆದದ್ದು ಇಲ್ಲೇ ಅನ್ನಬೇಕು. ಬರುವುದು "ಮೂರು", "ನಾಲ್ಕು". ಅಂಕಿ ಬಂದರೆ ಗುದ್ದಬೇಕಲ್ಲ, ಮಕ್ಕಳು ಗುದ್ದುತ್ತಿದ್ದಾರೆ. ಅವರಿಗೆ ಅಭ್ಯಾಸವಾಗಿರುವುದೇ ಅದು. ಆ ಗುದ್ದು ಯಾರ ಮೈಗೂ ತಾಗುವಂಥದ್ದಲ್ಲ, ನಿಮ್ಮ ಅಧಿಕಾರಿ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದರು.

ಈಗ ಆ ಬೈಗುಳ ನೆನಪಿಸಿಕೊಳ್ಳಿ. ನನ್ನ ಗಂಡನ ಬಾಯಲ್ಲಿ ತಡವರಿಸದೆ ಬರುವ ಪದ ಅದು. ಅಂಕಿಗಿಂತ ಸಲೀಸು. ಸಿಟ್ಟು ಬಂದರೆ ಈಗಲೂ ಅದೇ ಮೊದಲು ಬರುತ್ತದೆ, ಅವರ ತಂಗಿ ದಿನಾ ಕೇಳಿಸಿಕೊಳ್ಳುತ್ತಾಳೆ. ಆ ಸಂಜೆ ಅವರು ಅದನ್ನು ನುಂಗಿಕೊಂಡರು. ಬಿಳಿ ಬಟ್ಟೆ ತೊಟ್ಟಿದ್ದರು, ಮಕ್ಕಳ ಮುಂದೆ ಇದ್ದರು, ನಿಮ್ಮ ಅಧಿಕಾರಿಯ ಮರ್ಯಾದೆಯೂ ಇತ್ತು. ಇಡೀ ಜೀವದಲ್ಲಿ ಉಳಿದಿದ್ದ ಮಾತುಗಳಲ್ಲಿ ಒಳ್ಳೆಯದನ್ನು ಆರಿಸಿ ಕೊಟ್ಟರು. ಅದಕ್ಕೆ ನೀವು ಅಣಕ ಅಂತ ಹೆಸರಿಟ್ಟಿರಿ.

"ಏಳು" ಅಂದಾಗ ನಿಮ್ಮ ಅಧಿಕಾರಿ ಕೈ ಅಡ್ಡ ಹಿಡಿದು ನಕ್ಕರು. "ಸಾಕು ಸಾಕು ಯಜಮಾನ್ರೇ, ಲೆಕ್ಕ ಚೆನ್ನಾಗಿ ಬರುತ್ತೆ ನಿಮಗೆ" ಅಂದರು. ನಾನು ನೀರಿನ ಬಾಟಲಿ ಹಿಡಿದೇ ಅಡ್ಡ ಬಂದೆ. "ಸ್ವಾಮಿ, ಅವರಿಗೆ ಮಾತು ಬರಲ್ಲ,  ಅಂಕಿ ಮಾತ್ರ ಬರೋದು. ಅವರು ಬೇಡ ಅಂತ ಹೇಳ್ತಿದ್ದಾರೆ. ಪೂರ್ತಿ ಮುಗಿಸ್ಲಿ, ಒಂದು ನಿಮಿಷ ನಿಂತ್ಕೊಳ್ಳಿ." ಅವರು ವಾಹನದ ಕಡೆ ನಡೆಯುತ್ತಾ, "ಏನಿದ್ರೂ ಬರೆದು ಕೊಡಿ ಅಮ್ಮ" ಅಂದರು. ಹಿಂದೆ ತಿರುಗಿದರೆ ನಮ್ಮ ಯಜಮಾನರ ಬಾಯಿ ತೆರೆದೇ ಇತ್ತು. ಮಕ್ಕಳ ಮುಷ್ಟಿ ಸೊಂಟದ ಬಳಿಯೇ ಇತ್ತು. ಎಂಟಕ್ಕೆ ಕಾಯುತ್ತಿದ್ದರು.

ಎಂಟು ಬರಲಿಲ್ಲ. ಆಮೇಲೂ ಬಂದಿಲ್ಲ.

ಬೀಗ ಬಿದ್ದ ಮೇಲೆ ಮಾಸ್ಟರ್ ಊರಿನ ಇನ್ನೊಂದು ತುದಿಯಲ್ಲಿ, ಮೂರನೆಯ ಮಹಡಿಯಲ್ಲಿ, ಯಾರದೋ ಗೋದಾಮಿನಲ್ಲಿ ತರಗತಿ ನಡೆಸುತ್ತಿದ್ದಾರೆ. ಹೋಗಬಲ್ಲವರು ಹೋಗುತ್ತಾರೆ. ಆ ಮೆಟ್ಟಿಲು ನಮ್ಮ ಯಜಮಾನರಿಂದ ಆಗುವುದಿಲ್ಲ, ಒಂದು ಸಲ ಹೊತ್ತುಕೊಂಡು ಹೋಗುತ್ತೇವೆ ಅಂದರು ಹುಡುಗರು, ಇವರು ಬೇಡವೆಂದು ತಲೆಯಾಡಿಸಿದರು. ಹೊತ್ತು ತಂದ ಮೂಟೆಯ ಮೇಲೆ ನಿಂತು ಬದುಕಿದವರು, ತಾವೇ ಮೂಟೆಯಾಗಲು ಒಪ್ಪಲಿಲ್ಲ. ಮಾಸ್ಟರ್ ಕೆಲಸ ಮುಗಿಸಿ ನಮ್ಮ ಮನೆಗೇ ಬಂದು ನಡುಮನೆಯಲ್ಲಿ ಎದುರು ನಿಂತು ಎಣಿಸಲು ಹೇಳಿದರು. ನಾದಿನಿಯೂ ಮುಷ್ಟಿ ಹಿಡಿದು ಸಾಲಿಗೆ ನಿಂತಳು ಪಾಪ, ಕರಾಟೆ ಅಂದರೆ ನಗುತ್ತಿದ್ದವಳು. ಏಳಕ್ಕೆ ನಿಂತಿತು. ಕೆಲವು ವಾರ ಕಳೆದ ಮೇಲೆ ಆರಕ್ಕೆ ನಿಂತಿತು. "ಅಮ್ಮ, ನಾನೊಬ್ಬ ಇದ್ರೆ ಸಾಲಾಗಲ್ಲ" ಅಂತ ಹೇಳಿ ಮಾಸ್ಟರ್ ಬಾಗಿಲಲ್ಲಿ ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಕಾಲ ಬುಡದಲ್ಲೇ ಇತ್ತು, ಅವರಿಗೆ ಕಣ್ಣು ಮಂಜಾಗಿತ್ತು.

ಸಂಜೆಯಾದರೆ ನಮ್ಮ ಯಜಮಾನರು ಈಗಲೂ ಬಿಳಿ ಬಟ್ಟೆ ತೊಡಿಸು ಅಂತ ಕೈಸನ್ನೆ ಮಾಡುತ್ತಾರೆ. ತೊಡಿಸುತ್ತೇನೆ. ಬೆಲ್ಟಿನ ಗಂಟು ಈಗ ಮತ್ತೆ ನನ್ನ ಕೆಲಸ, ತಪ್ಪೇ ಕಟ್ಟುತ್ತೇನೆ, ತಿದ್ದುವವರಿಲ್ಲ. ಬೀದಿಯ ಕೊನೆಗೆ ಹೋಗಿ ಆ ಒಂದೇ ಮೆಟ್ಟಿಲಿನ ಮೇಲೆ ಕೂರುತ್ತಾರೆ. ಕಾವಲುಗಾರನ ಮಗಳು ಕೆಲವು ದಿನ ಬಂದು ಪಕ್ಕ ಕೂತಳು, ಆಮೇಲೆ ಅವಳಪ್ಪನಿಗೆ ಬೇರೆ ಕಡೆ ಕಾವಲು ಸಿಕ್ಕಿ ಮನೆ ಬದಲಾಯಿಸಿದರು. ಕಿಟಕಿಯಲ್ಲಿ ಇಣುಕಿ ನೋಡಿದೆ, ನೀವು ಭವನವನ್ನು ಯಾವ ಘನ ಕಾರ್ಯಕ್ಕೆ ತೆಗೆದುಕೊಂಡಿರಿ ಅಂತ. ನಿಮ್ಮ ಕಚೇರಿಯ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದೀರಿ. ಮಕ್ಕಳು ಮಂಡಿಯೂರಿ ಒರೆಸಿದ ನೆಲದ ಮೇಲೆ. ಆ ಕುರ್ಚಿಗಳಿಂದ ಕೂಗಾಟದ ದೂರು ಬಂದಿರಲಾರದು, ಒಪ್ಪುತ್ತೇನೆ.

ನನ್ನ ಗಂಡ ಬದುಕಿಡೀ ಮಾಡಿದ ಹರಾಜಿಗೂ ಒಂದು ನೀತಿಯಿತ್ತು. ಒಂದ್ಸಲ, ಎರಡ್ಸಲ ಅಂದ ಮೇಲೆ ಮೂರನೆಯದು ಹೇಳುವ ಮೊದಲು ನಿಲ್ಲುತ್ತಿದ್ದರು. ಜನರ ಮುಖವನ್ನೆಲ್ಲ ಒಮ್ಮೆ ನೋಡುತ್ತಿದ್ದರು. ಹಿಂದೆ ನಿಂತವನು ಕೈ ಎತ್ತಬಹುದು, ಕುಳ್ಳನೊಬ್ಬ ಕಾಣದೇ ಹೋಗಬಹುದು, ಯಾರದೋ ಗಂಟಲು ಕಟ್ಟಿರಬಹುದು. "ಕೇಳಿಸ್ಲಿಲ್ಲ ಅಂತ ಯಾರೂ ಆಮೇಲೆ ಅಳಬಾರ್ದು" ಅನ್ನುತ್ತಿದ್ದರು. ಕೊಳೆಯುವ ಟೊಮೆಟೊ ಬುಟ್ಟಿಗೆ ಸಿಕ್ಕಷ್ಟು ಸಮಯ ನಮ್ಮ ಶಾಲೆಗೆ ನಿಮ್ಮಿಂದ ಸಿಗಲಿಲ್ಲವಲ್ಲ, ಇದು ನ್ಯಾಯವೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ಕುರ್ಚಿಗಳನ್ನು ಹೊರಗೆ ಹಾಕಿಸಿ, ನೆಲ ನಾವೇ ಒರೆಸಿಕೊಳ್ಳುತ್ತೇವೆ. ಮಾಸ್ಟರ್ ಬರುತ್ತಾರೆ, ಔಷಧದಂಗಡಿಯ ಹುಡುಗಿ ಬರುತ್ತಾಳೆ, ಕಾವಲುಗಾರನಿಗೂ ಹೇಳಿ ಕಳಿಸಿದ್ದೇನೆ, ಮಗಳನ್ನು ಕರಕೊಂಡು ಬರುತ್ತಾನೆ. ಸಾಲು ನಿಲ್ಲುತ್ತದೆ. ಆಗ ನಿಮ್ಮ ಅಧಿಕಾರಿಯನ್ನು ಕಳಿಸಬೇಡಿ, ನೀವೇ ಬನ್ನಿ. ನಮ್ಮ ಯಜಮಾನರ ಎದುರು ನಿಂತು ಅದೇ ಪ್ರಶ್ನೆ ಕೇಳಿ, ಆಕ್ಷೇಪಣೆ ಇದೆಯಾ ಅಂತ. ಕೇಳಿ ಸುಮ್ಮನೆ ನಿಂತುಕೊಳ್ಳಿ. ಗಡಿಯಾರ ನೋಡಬೇಡಿ, ನಗಬೇಡಿ, ಸಾಕು ಅನ್ನಬೇಡಿ. ಅವರು ಒಂದರಿಂದ ಹತ್ತರವರೆಗೆ ಹೇಳಿ ಮುಗಿಸುವವರೆಗೆ, ಎಷ್ಟು ಹೊತ್ತಾದರೂ, ಆ ಹಾಲುಹಲ್ಲಿನ ಮಕ್ಕಳು ನಿಂತ ಹಾಗೆ ನಿಂತುಕೊಳ್ಳಿ. ಆಮೇಲೆ ನಿಮ್ಮ ಆದೇಶದಲ್ಲಿ "ಅಣಕಿಸಿದ್ದು" ಎಂಬ ಆ ಒಂದು ಪದ ಹೊಡೆದುಹಾಕಿ, "ಆಕ್ಷೇಪಿಸಿರುತ್ತಾರೆ" ಎಂದು ಬರೆಯಿರಿ. ಅಷ್ಟು ಸಾಕು.

ಒಂದು ವಿನಂತಿ, ಇದನ್ನು ಕಡತಕ್ಕೆ ಸೇರಿಸಿ ಕಳಿಸಬೇಡಿ. ಕಡತ ನಡೆಯುವ ವೇಗ ನನಗೆ ಗೊತ್ತು, ನಾನೂ ಅದರ ಜೊತೆ ನಡೆದವಳು. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಅವರು ನಾಲ್ಕರವರೆಗೆ ಹೇಳಿದರು. ಮತ್ತೆ ನನ್ನ ಮುಖ ನೋಡಿದರು. ಮುಂದಿನದು ಏನು ಅಂತ ನನಗೆ ಗೊತ್ತಿದೆಯೇನೋ ಎಂಬಂತೆ ನೋಡಿದರು. ನಾನು ಹೇಳಿಕೊಡಲಿಲ್ಲ, ಕಾದೆ. ಕತ್ತಲಾಗುವವರೆಗೂ ಕಾದೆವು. ಬೇಗ ಬನ್ನಿ ಸ್ವಾಮಿ, ಇನ್ನು ಮೂರೇ ಉಳಿದರೆ ಅದರ ಹಿಂದೆ ಎರಡಿದೆ, ಅದರ ಹಿಂದೆ ಒಂದಿದೆ, ಅದರ ಹಿಂದೆ ಏನೂ ಇಲ್ಲ.

ಇಂತಿ,
ಎಂಟಕ್ಕಾಗಿ ಇನ್ನೂ ಕಾಯುತ್ತಿರುವ,
ಸಾಲಿನ ಕೊನೆಯ ಬಿಳಿ ಬೆಲ್ಟಿನವರ ಹೆಂಡತಿ